ಹಳೇ ರೂಪದ ಹೊಸ ಸ್ಪೋರ್ಟ್ಸ್ ಕಾರು: ಇಟ್ಟುಕೊಂಡ ಮೇಲೆ ತಿಳಿದದ್ದು

ಹಳೆಯ ಕಾಲದ ರೂಪ ಕೊಟ್ಟು ಈಗ ಮಾಡಿದ ಸ್ಪೋರ್ಟ್ಸ್ ಕಾರು ಕೊಳ್ಳಬಹುದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಆ ತಗಡಿನ ಕೆಳಗೆ ಇರುವ ಸಾಮಾನು ಬೇರೆ ಎಷ್ಟು ಗಾಡಿಗಳಲ್ಲಿದೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಸಿಗದಿದ್ದರೆ ದೂರದಿಂದ ನೋಡಿ ಖುಷಿಪಡುವುದೇ ಒಳ್ಳೆಯದು.

ನನ್ನ ಬಳಿ ಇರುವುದು ಫಿಯಟ್ 124 ಸ್ಪೈಡರ್, ಟಾಪ್ ತೆರೆಯಬಹುದಾದ ಎರಡು ಸೀಟಿನ ಕಾರು. 2016ರಲ್ಲಿ ಮಾರಾಟಕ್ಕೆ ಬಂದು 2020ರಲ್ಲಿ ನಿಂತುಹೋದ ಗಾಡಿ. ಇದಕ್ಕೂ ಮೊದಲು ನಿಜವಾಗಿಯೂ ಹಳೆಯದಾದ ಎರಡು ಸೀಟಿನ ಕಾರೊಂದನ್ನು ಇಟ್ಟುಕೊಂಡಿದ್ದೆ. ಅದರ ಜೊತೆ ಕಳೆದ ಕಾಲ ನನಗೆ ತುಂಬಾ ಇಷ್ಟ. ಆದರೆ ಚಳಿಯಲ್ಲಿ ಚೋಕ್ ಎಳೆದು ಕಾಯುವುದು, ಕಾರ್ಬ್ಯುರೇಟರ್ ಮತ್ತೆ ಮತ್ತೆ ಸರಿಮಾಡುವುದು, ಡಿಸ್ಟ್ರಿಬ್ಯೂಟರ್ ಪಾಯಿಂಟ್ ಉಜ್ಜುವುದು, ಬಾಗಿಲ ಕೆಳಗಿನ ತುಕ್ಕು ಹುಡುಕುವುದು, ಇವೆಲ್ಲ ಅದರ ಜೊತೆಗೇ ಬರುತ್ತವೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರ ಹೋಗುವಾಗ ಆ ಯೋಚನೆ ತಲೆಯಿಂದ ಹೋಗುತ್ತಿರಲಿಲ್ಲ. ಹಾಗಾಗಿ ಅದೇ ಬಗೆಯ ಓಟ ಕೊಡುವ, ಆದರೆ ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುವ ಗಾಡಿ ಹುಡುಕಿದೆ.

ಮೂಲ 124 ಸ್ಪೋರ್ಟ್ ಸ್ಪೈಡರ್ 1966ರಲ್ಲಿ ಟ್ಯುರಿನ್‌ನಲ್ಲಿ ಜನರ ಮುಂದೆ ಬಂತು. ಮೈ ರೂಪ ಇಟಲಿಯ ಕಾರು ವಿನ್ಯಾಸ ಕಂಪನಿ ಪಿನಿನ್‌ಫರೀನಾದ್ದು. ಅದರ ಟ್ವಿನ್ ಕ್ಯಾಮ್ (ವಾಲ್ವ್ ತೆರೆಯುವ ಎರಡು ಕ್ಯಾಮ್ ದಂಡಗಳಿರುವ) ಎಂಜಿನ್ ಆರೇಲಿಯೊ ಲಾಂಪ್ರೆದಿ ಅವರ ಕೈಕೆಲಸ. ಫೆರಾರಿಗೆ ಹನ್ನೆರಡು ಸಿಲಿಂಡರಿನ ವಿ12 ಎಂಜಿನ್ ಮಾಡಿಕೊಟ್ಟಿದ್ದವರು ಅವರೇ. ಮೊದಲ ಗಾಡಿಗಳಲ್ಲಿ ಇದ್ದದ್ದು 1,438 ಸಿಸಿ, ಸುಮಾರು 90 ಕುದುರೆ ಶಕ್ತಿ. ಹೊಸದರಲ್ಲಿ 1,368 ಸಿಸಿ ಟರ್ಬೊ, 140 ಕುದುರೆ ಶಕ್ತಿ. ಗಾತ್ರದಲ್ಲಿ ಹೆಚ್ಚುಕಡಿಮೆ ಅಷ್ಟೇ ಎಂಜಿನ್ ಅನ್ನೋದು ನನಗೆ ಹಿತ ಕೊಡುವ ವಿಷಯ. ಬಾನೆಟ್ ಮೇಲಿನ ಎರಡು ಉಬ್ಬು, ಮುಂದಿನ ಜಾಲರಿಯ ಆಕಾರ, ಹಿಂದಿನ ಅಡ್ಡ ಲ್ಯಾಂಪ್, ಇಷ್ಟು ಹಳೆಯದರಿಂದ ಬಂದವು.

ತಗಡಿನ ಕೆಳಗೆ ಇರುವುದು ಮಾತ್ರ ಮಜ್ದಾ ಎಂಎಕ್ಸ್-5, ಜಪಾನಿನ ಎರಡು ಸೀಟಿನ ತೆರೆದ ಕಾರು. ನಾಲ್ಕನೇ ತಲೆಮಾರಿನದು. ಎರಡೂ ತಯಾರಾದದ್ದು ಜಪಾನಿನ ಹಿರೋಶಿಮಾದಲ್ಲೇ. ಚಾಸಿ, ಸಸ್ಪೆನ್ಷನ್‌ನ ವಿನ್ಯಾಸ, ಟಾಪ್ ಮಡಚುವ ವ್ಯವಸ್ಥೆ, ಡ್ಯಾಶ್‌ಬೋರ್ಡ್, ಸ್ವಿಚ್ಚುಗಳು ಎಲ್ಲ ಅಲ್ಲಿಂದ ಬಂದವು. ಎಂಜಿನ್ ಫಿಯಟ್‌ದು. ಅದನ್ನು ಆ ಕಂಪನಿ ತನ್ನ ಬೇರೆ ಚಿಕ್ಕ ಕಾರುಗಳಲ್ಲಿ ಅಡ್ಡಲಾಗಿ ಕೂರಿಸುತ್ತಿತ್ತು, ಇಲ್ಲಿ ಉದ್ದಕ್ಕೆ ಕೂರಿಸಿ ಹಿಂದಿನ ಚಕ್ರಕ್ಕೆ ಶಕ್ತಿ ಕೊಟ್ಟರು. ಟರ್ಬೊದ ಸೆಳೆತ 240 ನ್ಯೂಟನ್ ಮೀಟರ್. ಆ ಸೆಳೆತ ತಡೆಯಲಿ ಅಂತ ಗೇರ್‌ಬಾಕ್ಸನ್ನು ಹಿಂದಿನ ತಲೆಮಾರಿನ ಎಂಎಕ್ಸ್-5ರಿಂದ ತಂದರು.

ಇದನ್ನು ಕೇಳಿ ಕೆಲವರು ಮುಖ ಸಪ್ಪೆ ಮಾಡುತ್ತಾರೆ. ಹಾಗಾದರೆ ಇದು ನಿಜವಾದ ಸ್ಪೈಡರ್ ಅಲ್ಲ, ಅಲ್ವಾ ಅಂತ. ನನಗೆ ಇದೇ ಅದರ ದೊಡ್ಡ ಗುಣ. ಒಂದು ಸಲ ನಿಲ್ಲಿಸಿದ್ದ ಗಾಡಿಗೆ ಯಾರೋ ಹಿಂದಿನಿಂದ ತಾಗಿಸಿ ಹೋದರು. ಲ್ಯಾಂಪ್ ಒಡೆಯಿತು, ಬಂಪರ್ ಸೀಳಿತು. ಅದೇ ಹೊತ್ತಿಗೆ ಸಸ್ಪೆನ್ಷನ್‌ನ ಸಣ್ಣ ಕೆಲಸವೂ ಇತ್ತು. ಸಸ್ಪೆನ್ಷನ್ ಸಾಮಾನು ಕೇಳಿದ ಕೂಡಲೇ ಸಿಕ್ಕಿತು, ಏಕೆಂದರೆ ಎಂಎಕ್ಸ್-5 ಇಟ್ಟುಕೊಂಡವರು ಲೋಕದ ತುಂಬಾ ಇದ್ದಾರೆ. ಲ್ಯಾಂಪನ್ನು ಮಾತ್ರ ಹುಡುಕಿ ತರಿಸಬೇಕಾಯಿತು. ಅದು ಬೇರೆ ಯಾವ ಗಾಡಿಗೂ ಕೂರುವುದಿಲ್ಲ, ಮಾಡಿದ ವರ್ಷಗಳೂ ಕಡಿಮೆ.

ಆಗ ನನಗೆ ಪೂರ್ತಿ ಅರ್ಥವಾಯಿತು. ರೆಟ್ರೊ, ಅಂದರೆ ಹಳೇ ರೂಪದ ಹೊಸ ಗಾಡಿಯಲ್ಲಿ ನಾವು ಯಾವುದನ್ನು ನೋಡಿ ಮನಸೋಲುತ್ತೇವೋ ಅದೇ ಭಾಗ ಸಿಗುವುದು ಕಷ್ಟ. ಬಾನೆಟ್, ಲ್ಯಾಂಪ್, ಡಿಕ್ಕಿ ಬಾಗಿಲು, ಬಂಪರ್. ಇವು ಆ ಒಂದು ಮಾದರಿಗಾಗಿ ಮಾತ್ರ ಮಾಡಿದವು. ಕ್ಲಚ್ ಹೋದರೆ ಒಂದು ದಾರಿ ಇದೆ, ಬಾನೆಟ್ ನಜ್ಜುಗುಜ್ಜಾದರೆ ಕಾಯಬೇಕು. ಹಾಗಾಗಿ ನಾನು ಎಂಜಿನ್‌ಗಿಂತ ಮೈಯನ್ನು ಜಾಸ್ತಿ ಜೋಪಾನ ಮಾಡುತ್ತೇನೆ. ಗೋಡೆಯ ಬದಿ ನೋಡಿ ನಿಲ್ಲಿಸುತ್ತೇನೆ. ಮೂತಿಗೆ ಕಲ್ಲು ಹೊಡೆದು ಪೇಂಟ್ ಹೋಗದಂತೆ ತೆಳು ಪಾರದರ್ಶಕ ಫಿಲ್ಮ್ ಹಾಕಿಸಿದ್ದೇನೆ. ಒಳ್ಳೆಯ ಸ್ಥಿತಿಯ ಲ್ಯಾಂಪ್ ಎಲ್ಲಾದರೂ ಮಾರಾಟಕ್ಕೆ ಬಂದರೆ ತೆಗೆದಿಟ್ಟುಕೊಳ್ಳುತ್ತೇನೆ. ವಿಮೆ ಮಾಡಿಸುವಾಗ ಮೈಭಾಗದ ರಿಪೇರಿಗೆ ಏನು ಸಿಗುತ್ತದೆ, ಮೂಲ ಸಾಮಾನೇ ಹಾಕುತ್ತಾರಾ ಅನ್ನುವುದನ್ನು ಬರಹದಲ್ಲಿ ಕೇಳಿ ಪಡೆದಿದ್ದೇನೆ.

ಇದೇ ಕಣ್ಣಿನಿಂದ ಬೇರೆ ಗಾಡಿಗಳನ್ನೂ ನೋಡಬಹುದು. ಬಿಎಂಡಬ್ಲ್ಯು ಝಡ್8 ಅದೇ ಕಂಪನಿಯ 1950ರ ದಶಕದ ತೆರೆದ ಕಾರು 507ರ ನೆನಪಿಗೆ ಮಾಡಿದ್ದು. ಎಂಜಿನ್ ಆ ಕಾಲದ ಎಂ5 ಸೆಡಾನ್‌ದು, 4.9 ಲೀಟರ್ ವಿ8. ಒಳಗಿನದಕ್ಕೆ ಚಿಂತೆ ಇರಲಿಲ್ಲ. ಆದರೆ ಅಲ್ಯೂಮಿನಿಯಂ ಮೈ ಅದಕ್ಕೇ ಮೀಸಲು, ಸಂಖ್ಯೆಯೂ ಆರು ಸಾವಿರ ದಾಟಲಿಲ್ಲ. ಅದಕ್ಕೇ ಕಂಪನಿ 50 ವರ್ಷಕ್ಕೆ ಸಾಕಾಗುವಷ್ಟು ಬಿಡಿಭಾಗ ಇಡುತ್ತೇವೆ ಅಂತ ಮಾತು ಕೊಟ್ಟಿತ್ತು. ಕೊಳ್ಳುವವನಿಗೆ ಬೇಕಾದದ್ದು ಅಂಥ ಮಾತು. ಪ್ಲಿಮತ್ ಪ್ರೌಲರ್ ಇನ್ನೊಂದು ದಿಕ್ಕು. ಹಳೇ ಹಾಟ್ ರಾಡ್ (ಹಳೆಯ ಕಾರನ್ನು ವೇಗಕ್ಕಾಗಿ ಮಾರ್ಪಡಿಸಿದ ಅಮೆರಿಕದ ಗಾಡಿ) ರೂಪ, ಹೊರಗೆ ನಿಂತ ಮುಂದಿನ ಚಕ್ರಗಳು, ನೋಡಿದರೆ ವಿ8 ಗುಡುಗಬೇಕು. ಒಳಗೆ ಇದ್ದದ್ದು 3.5 ಲೀಟರ್ ವಿ6, ಅದೂ ಆಟೋಮ್ಯಾಟಿಕ್ ಮಾತ್ರ. ರೂಪ ಒಂದು ಆಸೆ ಹುಟ್ಟಿಸಿ ಓಟ ಬೇರೆಯದನ್ನು ಕೊಟ್ಟರೆ ಮನಸ್ಸು ಬೇಗ ಬೇಸರಗೊಳ್ಳುತ್ತದೆ.

ಇನ್ನೊಂದು ವಿಷಯ, ಕಿಟಕಿ. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಗಾಜಿನ ಬದಿಯ ಕಂಬಗಳು ತೆಳು, ಗಾಜು ದೊಡ್ಡದು, ಬಾಗಿಲ ಅಂಚು ತಗ್ಗು. ಮೊಣಕೈ ಹೊರಗಿಟ್ಟು ಓಡಿಸಬಹುದಿತ್ತು. ಇವತ್ತಿನ ಸುರಕ್ಷತಾ ನಿಯಮಕ್ಕೆ ಕಂಬ ದಪ್ಪವಾಗಬೇಕು. ಪಾದಚಾರಿಗೆ ಪೆಟ್ಟು ಕಡಿಮೆಯಾಗಲಿ ಅಂತ ಬಾನೆಟ್‌ಗೂ ಎಂಜಿನ್‌ಗೂ ನಡುವೆ ಜಾಗ ಬಿಡಬೇಕು, ಮೂತಿ ಎತ್ತರವಾಗುತ್ತದೆ. ಅದೆಲ್ಲ ಬೇಕಾದದ್ದೇ. ಆದರೆ 2010ರ ಮಾದರಿಯ ಶೆವ್ರೊಲೆ ಕಮಾರೊ ನೋಡಿ. 1969ರದ್ದನ್ನು ನೆನಪಿಸುವ ರೂಪ, ಕಿಟಕಿ ಮಾತ್ರ ಕಿರಿದು. ಹೊರಗೆ ನಿಂತವನಿಗೆ ಹಳೇ ಕಾರು ಕಾಣುತ್ತದೆ, ಒಳಗೆ ಕೂತವನಿಗೆ ಹೊರಗಿನದು ಕಡಿಮೆ ಕಾಣುತ್ತದೆ. ತೆರೆದ ಟಾಪ್ ಇರುವ ಗಾಡಿಯಲ್ಲಿ ಈ ತೊಂದರೆ ಅರ್ಧ ಹೋಗುತ್ತದೆ. ಅದಕ್ಕೇ ನಾನು ಆ ಕಡೆ ವಾಲಿದ್ದು. ನನ್ನ ಸೀಟಿನಿಂದ ಬಾನೆಟ್‌ನ ಆ ಎರಡು ಉಬ್ಬು ಕಾಣುತ್ತವೆ. ಮಾಲೀಕನಿಗೆ ಓಡಿಸುವಾಗ ಸಿಗುವ ರೆಟ್ರೊ ಅಷ್ಟೇ, ಉಳಿದದ್ದು ರಸ್ತೆಯಲ್ಲಿ ನಿಂತವರ ಪಾಲು. ಟೆಸ್ಟ್ ಡ್ರೈವ್‌ಗೆ ಹೋದಾಗ ಸುಮ್ನೆ ಸುತ್ತ ನಡೆದು ನೋಡುವುದಕ್ಕಿಂತ ಸೀಟಿನಲ್ಲಿ ಕೂತು ಏನು ಕಾಣುತ್ತದೆ ನೋಡಿ.

ಹೊಸ ಕಾಲದಲ್ಲಿ ಹಳೆಯದರ ಗುಣವನ್ನೇ ಹಿಡಿದದ್ದು ಯಾವುದು ಅಂದರೆ ನಾನು ಫ್ರಾನ್ಸಿನ ಆಲ್ಪೀನ್ ಎ110 ಅನ್ನುತ್ತೇನೆ. ಹಳೆಯ ಎ110 1973ರಲ್ಲಿ ಮೊದಲ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಗೆದ್ದ ಗಾಡಿ. ಅದರ ಬಲ ಹಗುರತನ. 2017ರದ್ದರಲ್ಲಿ ಎಂಜಿನ್ ಹಿಂದಿನಿಂದ ನಡುವಿಗೆ ಬಂತು, ಅಂದರೆ ಯಂತ್ರದಲ್ಲಿ ನಕಲು ಮಾಡಲಿಲ್ಲ. ತೂಕ ಮಾತ್ರ ಸುಮಾರು 1,100 ಕಿಲೋದಲ್ಲೇ ಹಿಡಿದರು. 1989ರ ಮೊದಲ ಎಂಎಕ್ಸ್-5 ಕೂಡ ಹೀಗೇ. 1960ರ ದಶಕದ ಬ್ರಿಟಿಷ್ ರೋಡ್‌ಸ್ಟರ್‌ಗಳ ಸರಳತೆಯನ್ನು ತೆಗೆದುಕೊಂಡು ತನ್ನದೇ ಮುಖ ಮಾಡಿಕೊಂಡಿತು. 2016ರ ಹೊತ್ತಿಗೆ ಹತ್ತು ಲಕ್ಷ ಗಾಡಿ ತಯಾರಾದವು.

ನನ್ನ ಗಾಡಿಯ ಆರೈಕೆ ಬಗ್ಗೆ ಎರಡು ಮಾತು ಹೇಳಲೇಬೇಕು. ಈ ಮಲ್ಟಿಏರ್ ಎಂಜಿನ್‌ನಲ್ಲಿ ಗಾಳಿ ಒಳಬಿಡುವ ವಾಲ್ವ್‌ಗಳಿಗೆ ಬೇರೆ ಕ್ಯಾಮ್‌ಶಾಫ್ಟ್ ಇಲ್ಲ. ಎಂಜಿನ್ ಆಯಿಲ್‌ನ ಒತ್ತಡದಿಂದಲೇ ಅವು ತೆರೆಯುತ್ತವೆ. ಹಾಗಾಗಿ ಆಯಿಲ್ ಇಲ್ಲಿ ನುಣುಪಿಗೆ ಮಾತ್ರ ಅಲ್ಲ, ಯಂತ್ರದ ಒಂದು ಭಾಗವೇ. ಪುಸ್ತಕದಲ್ಲಿ ಹೇಳಿದ ದರ್ಜೆಯದೇ ಹಾಕಬೇಕು. ಹೇಳಿದ ಅವಧಿಗಿಂತ ಸ್ವಲ್ಪ ಮೊದಲೇ ನಾನು ಬದಲಾಯಿಸುತ್ತೇನೆ. ಟೈಮಿಂಗ್ ಬೆಲ್ಟ್ ಇದೆ. ಗಾಡಿ ಕಡಿಮೆ ಓಡಿದ್ದರೂ ವರ್ಷ ಲೆಕ್ಕ ಹಾಕಿ ಬದಲಿಸಿ. ಟೈರೂ ಹಾಗೇ, ಗೆರೆ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಬಟ್ಟೆ ಟಾಪ್‌ನ ನೀರು ಹೊರಹೋಗುವ ಕೊಳವೆಗಳು ಸೀಟಿನ ಹಿಂದಿವೆ. ಎಲೆ ಕಸ ಕಟ್ಟಿಕೊಂಡರೆ ನೀರು ಒಳಗೆ ಬರುತ್ತದೆ. ಮಳೆಗಾಲಕ್ಕೆ ಮೊದಲು ತೆಗೆದು ಶುಚಿ ಮಾಡಿ.

ಕೊರತೆಯೂ ಇದೆ. ಎರಡು ಸಾವಿರ ಆರ್‌ಪಿಎಂ ಕೆಳಗೆ ಪಿಕಪ್ ಇಲ್ಲ, ಟರ್ಬೊ ಎಚ್ಚರಾಗಬೇಕು. ಡಿಕ್ಕಿ 140 ಲೀಟರ್, ಇಬ್ಬರ ಬಟ್ಟೆಗೆ ಸಾಕು, ಅಷ್ಟೇ. ಇದೊಂದೇ ಕಾರಾದರೆ ಸಂಸಾರಕ್ಕೆ ಆಗುವುದಿಲ್ಲ. ಮುಂದೆ ಬೆಲೆ ಏರುತ್ತದೆ ಅಂತ ಲೆಕ್ಕ ಹಾಕಿ ಕೊಳ್ಳುವವರಿಗೂ ನಾನು ಬೇಡ ಅನ್ನುತ್ತೇನೆ. ಆ ಲೆಕ್ಕ ಹಾಕಿದವರು ಗಾಡಿಯನ್ನು ಹೊರಗೇ ತೆಗೆಯುವುದಿಲ್ಲ, ನಿಂತ ಗಾಡಿಯ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಮೊದಲು ಲ್ಯಾಂಪ್‌ಗಳ ಒಳಗೆ ತೇವ ಇದೆಯಾ ನೋಡಿ. ಆಮೇಲೆ ಬಾನೆಟ್ ಮತ್ತು ಡಿಕ್ಕಿಯ ಸಂದು ಎರಡೂ ಬದಿಯಲ್ಲಿ ಒಂದೇ ಅಳತೆಯಲ್ಲಿದೆಯಾ ನೋಡಿ. ಇವೆರಡೂ ಸರಿ ಇದ್ದು, ಆಯಿಲ್ ಬದಲಾಯಿಸಿದ ದಾಖಲೆ ಕೈಗೆ ಸಿಕ್ಕರೆ ಮುಂದಿನ ಮಾತು ಆಡಬಹುದು.