ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತಿತ್ತು, ಸರಿಮಾಡಿದ್ದು ಹೀಗೆ

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ನಮ್ಮ ಎಲೆಕ್ಟ್ರಿಕ್ ಡೆಲಿವರಿ ವ್ಯಾನಿನ ಬ್ರೇಕ್ ಪೆಡಲ್ ಮೆತ್ತಗಾಗುತ್ತಿತ್ತು. ಪ್ಯಾಡ್ ಚೆನ್ನಾಗಿಯೇ ಇದ್ದವು. ರೀಜನ್ (ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅವು ಬೇಗ ಸವೆಯುವುದಿಲ್ಲ. ಆದರೆ ಬ್ರೇಕ್ ಆಯಿಲ್ ಗಾಡಿ ನಿಂತಿದ್ದರೂ ತೇವ ಹೀರುತ್ತದೆ, ಕೊಡಗಿನ ಮಳೆಗಾಲ ಗೊತ್ತಲ್ಲ! ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155. ಬ್ಯಾಟರಿ ಫುಲ್ ಇದ್ದರೆ ರೀಜನ್ ಸರಿಯಾಗಿ ಹಿಡಿಯುವುದಿಲ್ಲ, ಆಗ ಇಳಿಜಾರಿನ ಬಿಸಿಯೆಲ್ಲ ಬ್ರೇಕಿಗೇ. ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗುತ್ತದೆ.

ಡಬ್ಬಿಯ ಹಳೆ ಆಯಿಲ್ ಸಿರಿಂಜಿನಲ್ಲಿ ತೆಗೆದು, ಸೀಲ್ ಒಡೆಯದ ಬಾಟಲಿಯ ಡಾಟ್ 4 ತುಂಬಿದೆ. ಮ್ಯಾನುಯಲ್ ಹೇಳಿದ ಕ್ರಮದಲ್ಲಿ ಒಂದೊಂದೇ ಚಕ್ರ: ತಮ್ಮ ಪೆಡಲ್ ಒತ್ತಿ ಹಿಡಿದ, ನಾನು ಬ್ಲೀಡರ್ (ಚಕ್ರದ ಬಳಿ ಆಯಿಲ್ ಹೊರಬಿಡುವ ಸ್ಕ್ರೂ) ಸಡಿಲಿಸಿದೆ, ಅವನು ಕಾಲು ತೆಗೆಯುವ ಮೊದಲೇ ಬಿಗಿದೆ. ಪೈಪಿನಲ್ಲಿ ಮೊದಲು ಕಷಾಯದ ಬಣ್ಣ, ಆಮೇಲೆ ತಿಳಿ ಹಳದಿ. ಪೆಡಲ್ ಈಗ ಗಟ್ಟಿಯಾಗಿದೆ. ಡಬ್ಬಿ ಮಾತ್ರ ನಡುವೆ ಖಾಲಿಯಾಗಲು ಬಿಡಬೇಡಿ, ಗಾಳಿ ಹೊಕ್ಕರೆ ಮತ್ತೆ ಮೊದಲಿನಿಂದ ಮಾಡಬೇಕು.