ಕಾಡುಹಂದಿಯ ಕ್ಷಯ: ಪರೀಕ್ಷೆಗೆ ಮಾದರಿ ತೆಗೆಯುವುದು ಹೇಗೆ?

ಬೇಟೆಯಾದ ಕಾಡುಹಂದಿಗೆ ಕ್ಷಯವಿದೆಯೇ ಎಂದು ನೋಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಎದೆ ಸೀಳಿ, ಶ್ವಾಸಕೋಶವನ್ನು ಒತ್ತಿ ನೋಡಿ, ಗಂಟು ಸಿಗದಿದ್ದರೆ 'ರೋಗವಿಲ್ಲ' ಎಂದು ಬರೆದು ಮುಂದಿನ ಹಂದಿಯತ್ತ ಹೊರಟುಬಿಡುತ್ತಾರೆ. ಕ್ಷಯವೆಂದರೆ ಎದೆಯ ಕಾಯಿಲೆ ಎಂಬ ನಮ್ಮ ರೂಢಿಯ ತಿಳಿವಳಿಕೆಯೇ ಈ ತಪ್ಪಿಗೆ ಕಾರಣ. ಕಾಡುಹಂದಿಯಲ್ಲಿ ರೋಗದ ಗುರುತು ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ದವಡೆಯ ಕೆಳಗಿನ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್‌ಗಳಲ್ಲಿ). ಎಷ್ಟೋ ಪ್ರಾಣಿಗಳಲ್ಲಿ ಅಲ್ಲಿ ಬಿಟ್ಟರೆ ಬೇರೆಲ್ಲೂ ಏನೂ ಕಾಣಿಸುವುದಿಲ್ಲ.

ಈ ರೋಗಕ್ಕೆ ಮುಖ್ಯ ಕಾರಣ ದನಗಳಿಗೂ ಕ್ಷಯ ತರುವ ಮೈಕೊಬ್ಯಾಕ್ಟೀರಿಯಂ ಬೋವಿಸ್ ಎಂಬ ಬ್ಯಾಕ್ಟೀರಿಯಾ; ಕೆಲವೆಡೆ ಅದರ ಹತ್ತಿರದ ಬಂಧು ಮೈಕೊಬ್ಯಾಕ್ಟೀರಿಯಂ ಕ್ಯಾಪ್ರೆ. ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಈ ರೋಗಾಣು ನೆಲೆನಿಂತಿರುವ ಪ್ರಮುಖ ಕಾಡುಪ್ರಾಣಿ ಕಾಡುಹಂದಿಯೇ, ಮತ್ತು ದಕ್ಷಿಣ ಸ್ಪೇನಿನ ದೊನ್ಯಾನಾ ರಾಷ್ಟ್ರೀಯ ಉದ್ಯಾನದಲ್ಲಿ ಸೋಂಕಿನ ಪ್ರಮಾಣ ಬಹಳ ಹೆಚ್ಚು. ಬೇಟೆಗೆಂದು ಹಂದಿಗಳನ್ನು ಬೇಲಿಯೊಳಗೆ ಸಾಕಿ, ಒಂದೇ ಕಡೆ ಮೇವು ಸುರಿದು, ಒಂದೇ ಹೊಂಡದಲ್ಲಿ ನೀರು ಕುಡಿಸುವಲ್ಲಿ ರೋಗ ಸುಲಭವಾಗಿ ಹಬ್ಬುತ್ತದೆ. ಕಾಡಿನ ಪ್ರಾಣಿಯನ್ನು ಹಿಡಿದು ಪರೀಕ್ಷಿಸುವುದು ಕಷ್ಟವಾದ್ದರಿಂದ, ಕಾನೂನಿನ ಅನುಮತಿ ಪಡೆದು ಬೇಟೆಯಾಡಿದ ಹಂದಿಯ ದೇಹವೇ ರೋಗದ ಸುಳಿವು ಕೊಡುವ ಅತಿ ಸುಲಭದ ಮೂಲ.

ಹಂತ 1: ತಯಾರಿ. ಗಟ್ಟಿಯಾದ ನೈಟ್ರೈಲ್ ಕೈಗವಸು ಎರಡು ಪದರ, ಕಣ್ಣಿಗೆ ಕನ್ನಡಕ, ಮುಖಕ್ಕೆ ಒಳ್ಳೆಯ ಮಾಸ್ಕ್, ಮಾದರಿ ಚೀಲಗಳು, ಒದ್ದೆಯಾದರೂ ಅಳಿಸದ ಪೆನ್ನು, ಪ್ರತಿ ಹಂದಿಗೂ ಬೇರೆ ಚಾಕು. ಅಗ್ಗದ ತೆಳು ಕೈಗವಸುಗಳು ಹಂದಿಯ ಬಿರುಗೂದಲಿಗೆ ಸಿಕ್ಕೇ ಹರಿಯುತ್ತವೆ. ಅವನ್ನು ಕೊಳ್ಳುವುದಕ್ಕಿಂತ ಬರಿಗೈಯಲ್ಲಿರುವುದೇ ಮೇಲು, ಏಕೆಂದರೆ ಬರಿಗೈಯವನು ಎಚ್ಚರವಾದರೂ ಇರುತ್ತಾನೆ. ಹಾಗೆಂದು ಬರಿಗೈಯಲ್ಲಿ ಮುಟ್ಟಿ ಎಂದರ್ಥವಲ್ಲ, ಗಟ್ಟಿ ಕೈಗವಸು ಸಿಗದ ದಿನ ಕೆಲಸವನ್ನೇ ಮುಂದೂಡಿ ಎಂದರ್ಥ. ಸೋಂಕುನಿವಾರಕದ ವಿಷಯದಲ್ಲಿಯೂ ಮೋಸ ಹೋಗಬೇಡಿ. 'ಎಲ್ಲ ರೋಗಾಣುಗಳನ್ನೂ ಕೊಲ್ಲುತ್ತದೆ' ಎಂದು ಬರೆದಿರುವ ಎಷ್ಟೋ ಬಾಟಲಿಗಳಲ್ಲಿರುವುದು ಕ್ವಾಟರ್ನರಿ ಅಮೋನಿಯಂ ಸಂಯುಕ್ತ ಮಾತ್ರ, ಮತ್ತು ಕ್ಷಯದ ಬ್ಯಾಕ್ಟೀರಿಯಾದ ಮೇಣದಂತಹ ಹೊದಿಕೆಯ ಮುಂದೆ ಅದರ ಆಟ ನಡೆಯುವುದಿಲ್ಲ. ಬ್ಲೀಚ್ ದ್ರಾವಣ ಬಳಸುವುದಾದರೆ ಚಾಕುವಿನ ರಕ್ತ, ಕೊಬ್ಬುಗಳನ್ನು ಮೊದಲು ಸೋಪಿನಿಂದ ತೊಳೆಯಲೇಬೇಕು, ಏಕೆಂದರೆ ಕೊಳೆ ಇರುವಲ್ಲಿ ಬ್ಲೀಚ್ ಆ ಕೊಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ.

ಹಂತ 2: ವಿವರ ಬರೆಯುವುದು. ದಿನಾಂಕ, ಜಾಗ, ಗಂಡೋ ಹೆಣ್ಣೋ, ವಯಸ್ಸು. ವಯಸ್ಸನ್ನು ಗಾತ್ರದಿಂದ ಅಂದಾಜು ಮಾಡದೆ ದವಡೆಹಲ್ಲುಗಳನ್ನು ನೋಡಿ ಬರೆಯಿರಿ. ಮೂರನೆಯ ದವಡೆಹಲ್ಲು ಸುಮಾರು ಎರಡು ವರ್ಷಕ್ಕೆ ಮೂಡುತ್ತದೆ.

ಹಂತ 3: ರಕ್ತ. ಹೃದಯದಿಂದಲೋ ಎದೆಗೂಡಿನಲ್ಲಿ ನಿಂತದ್ದರಿಂದಲೋ ಬೇಗ ತೆಗೆದು, ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವಾದ ಸೀರಮ್ಮನ್ನು ಬೇರ್ಪಡಿಸಿ. ಇಡೀ ರಕ್ತವನ್ನೇ ಫ್ರೀಜರಿನಲ್ಲಿಟ್ಟರೆ ಕಣಗಳು ಒಡೆದು ಮಾದರಿ ಹಾಳಾಗುತ್ತದೆ.

ಹಂತ 4: ದವಡೆಯ ಗ್ರಂಥಿಗಳು. ಇಡೀ ಕೆಲಸದ ಗೆಲುವು, ಸೋಲು ಎರಡೂ ಇಲ್ಲಿಯೇ ನಿರ್ಧಾರವಾಗುತ್ತವೆ. ಸಾಧ್ಯವಾದರೆ ಹೊಟ್ಟೆ ಸೀಳುವ ಮೊದಲೇ ತಲೆಯ ಕೆಲಸ ಮುಗಿಸಿ. ಕರುಳಿನ ಮಲ ತಾಗಿದ ಚಾಕುವಿನಿಂದ ಗ್ರಂಥಿಯನ್ನು ಕೊಯ್ದರೆ ಕಲ್ಚರ್‌ನಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವಾಗ, ಬೇರೆ ಬ್ಯಾಕ್ಟೀರಿಯಾಗಳೇ ತುಂಬಿಕೊಂಡು, ನಿಧಾನವಾಗಿ ಬೆಳೆಯುವ ಕ್ಷಯದ ಬ್ಯಾಕ್ಟೀರಿಯಾಕ್ಕೆ ಜಾಗವೇ ಉಳಿಯುವುದಿಲ್ಲ. ಹಂದಿಯನ್ನು ಬೆನ್ನ ಮೇಲೆ ಮಲಗಿಸಿ, ಗಂಟಲು ಮೇಲೆ ಬರುವಂತೆ ತಲೆಯನ್ನು ಹಿಂದಕ್ಕೆ ಚಾಚಿ, ಗಲ್ಲದಿಂದ ಗಂಟಲಿನವರೆಗೆ ನಡುಗೆರೆಯಲ್ಲಿ ಚರ್ಮ ಸೀಳಿ, ಎರಡೂ ಬದಿಗೆ ದವಡೆಯ ಮೂಲೆಯವರೆಗೆ ಸುಲಿಯಿರಿ. ಕೊಬ್ಬನ್ನು ಸರಿಸಿದರೆ ದವಡೆಯ ಮೂಲೆಯ ಕೆಳಗೆ ಎರಡು ಬಗೆಯ ಗಂಟುಗಳು ಒತ್ತೊತ್ತಾಗಿ ಕಾಣುತ್ತವೆ, ಹೆಚ್ಚಿನವರು ಎಡವುವುದು ಅಲ್ಲಿ. ಒಂದು ಜೊಲ್ಲುಗ್ರಂಥಿ: ದ್ರಾಕ್ಷಿ ಗೊಂಚಲನ್ನು ಅದುಮಿಟ್ಟಂತೆ ಸಣ್ಣ ಸಣ್ಣ ಹಳಕುಗಳಿಂದ ಕೂಡಿ, ಬೆರಳಿಗೆ ಉಬ್ಬುತಗ್ಗಾಗಿ ತಾಗುತ್ತದೆ. ಇನ್ನೊಂದು ದುಗ್ಧಗ್ರಂಥಿ: ಅವರೆಕಾಳಿನ ಆಕಾರ, ನುಣುಪು ಮೈ, ಗಟ್ಟಿಯಾದ ಹೊರಪೊರೆ, ಬೆರಳಿನಡಿ ಜಾರುವ ಗುಣ. ಪ್ರಯೋಗಾಲಯದ ಮೇಜಿನ ಮೇಲೆ 'ದವಡೆಯ ದುಗ್ಧಗ್ರಂಥಿ' ಎಂಬ ಚೀಟಿ ಹೊತ್ತ ಜೊಲ್ಲುಗ್ರಂಥಿಗಳು ಸಾಲಾಗಿ ಕುಳಿತಿದ್ದುದನ್ನು ನಾನು ನೋಡಿದ್ದೇನೆ. ಅವುಗಳ ವರದಿಯೆಲ್ಲ 'ಸೋಂಕಿಲ್ಲ' ಎಂದೇ ಬಂದಿತ್ತು, ಮತ್ತು ಆ ಉತ್ತರಕ್ಕೆ ಯಾವ ಬೆಲೆಯೂ ಇರಲಿಲ್ಲ. ಅನುಮಾನವಿದ್ದರೆ ಎರಡನ್ನೂ ಒಟ್ಟಿಗೆ ಕಿತ್ತು ಕಳುಹಿಸಿ, ಬಿಡಿಸುವ ಕೆಲಸವನ್ನು ಪ್ರಯೋಗಾಲಯಕ್ಕೆ ಬಿಡಿ.

ಎಡಬಲ ಎರಡೂ ಕಡೆಯ ಗ್ರಂಥಿಗಳನ್ನು ಪೂರ್ತಿಯಾಗಿ ಹೊರತೆಗೆದು, ಗಂಟಲಿನ ಹಿಂದೆ ಆಳದಲ್ಲಿರುವ ಗ್ರಂಥಿಗಳನ್ನೂ ಸೇರಿಸಿಕೊಂಡು, ಸ್ವಚ್ಛವಾದ ಹಲಗೆಯ ಮೇಲಿಟ್ಟು ಎರಡು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ಯಿರಿ. ನಡುವೆ ಒಂದೇ ಬಾರಿ ಸೀಳಿ ನೋಡಿ ಬಿಡುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ರೋಗದ ಗುರುತು ಸಾಸಿವೆ ಕಾಳಿನಷ್ಟೇ ಇದ್ದು ಸೀಳಿನ ಪಕ್ಕದಲ್ಲಿಯೇ ಅಡಗಿರಬಹುದು. ಹಳೆಯ ಗಾಯವಾದರೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ: ಸುಣ್ಣಗಟ್ಟಿದ ಭಾಗಕ್ಕೆ ಚಾಕು ತಾಗಿದಾಗ ಮರಳನ್ನು ಕೊಯ್ದಂತೆ ಕರಕರ ಎನ್ನುತ್ತದೆ, ಒಳಗೆ ಗಿಣ್ಣಿನಂತೆ ಪುಡಿಯಾಗುವ ಹಳದಿ ಮುದ್ದೆ ಇರುತ್ತದೆ. ಆದರೆ ಏನೂ ಕಾಣದ ಗ್ರಂಥಿಯನ್ನೂ ಎಸೆಯಬೇಡಿ; ಗಾಯವಿಲ್ಲದೆಯೂ ಸೋಂಕು ಇರಬಲ್ಲದು. ಗಾಯ ಕಂಡ ಮಾತ್ರಕ್ಕೆ ಕ್ಷಯವೆಂದು ಷರಾ ಬರೆಯುವುದೂ ತಪ್ಪು, ರೋಡೊಕಾಕಸ್ ಈಕ್ವಿ ಎಂಬ ಬ್ಯಾಕ್ಟೀರಿಯಾವೂ ಹಕ್ಕಿಗಳ ಕ್ಷಯದ ಗುಂಪಿನವೂ ಹಂದಿಯ ಇದೇ ಗ್ರಂಥಿಗಳಲ್ಲಿ ಇಂಥದ್ದೇ ಗಾಯ ಮಾಡುತ್ತವೆ.

ಹಂತ 5: ಉಳಿದ ಅಂಗಗಳು. ಶ್ವಾಸಕೋಶ, ಅದರ ಬುಡದ ಗ್ರಂಥಿಗಳು, ಕರುಳಿನ ಪೊರೆಯ ಗ್ರಂಥಿಗಳು. ವೃಷಣ ಊದಿದ್ದರೆ ಅದನ್ನೂ ಗುಲ್ಮವನ್ನೂ ಬೇರೆ ಚೀಲದಲ್ಲಿ ಹಾಕಿ, ಬ್ರುಸೆಲ್ಲೋಸಿಸ್ ಎಂಬ ಬೇರೊಂದು ರೋಗ ತರುವ ಬ್ರುಸೆಲ್ಲಾ ಸೂಯಿಸ್ ಇದ್ದೀತೆಂಬ ಅನುಮಾನವನ್ನು ಚೀಟಿಯಲ್ಲಿ ಬರೆಯಿರಿ; ಪ್ರಯೋಗಾಲಯದವರಿಗೇ ಸೋಂಕು ತಗಲಿಸುವ ಬ್ಯಾಕ್ಟೀರಿಯಾ ಅದು.

ಹಂತ 6: ಕಳುಹಿಸುವುದು. ಪ್ರತಿ ಗ್ರಂಥಿಯ ಒಂದು ಭಾಗ ಕಲ್ಚರ್‌ಗೆ ಹಾಗೆಯೇ, ಇನ್ನೊಂದು ಚೂರು ಅದರ ಹತ್ತು ಪಟ್ಟು ಪ್ರಮಾಣದ ಶೇಕಡಾ 10ರ ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಇಡುವ ದ್ರಾವಣ). ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಕಲ್ಚರ್ ಮಾಡಲಾಗದು. ಒಂದೆರಡು ದಿನದಲ್ಲಿ ತಲುಪುವುದಾದರೆ 4 ಡಿಗ್ರಿ ತಂಪು ಸಾಕು, ತಡವಾಗುವುದಾದರೆ ಮೈನಸ್ 20. ಸೋರದ ಒಳಡಬ್ಬಿ, ಅದರ ಸುತ್ತ ಹೀರುವ ವಸ್ತು ಮತ್ತು ಎರಡನೆಯ ಸೋರದ ಹೊದಿಕೆ, ಹೊರಗೆ ಗಟ್ಟಿ ಪೆಟ್ಟಿಗೆ: ಈ ಮೂರು ಪದರಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ.

ವರದಿಗಾಗಿ ಮರುದಿನವೇ ಫೋನು ಮಾಡಬೇಡಿ. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಗ್ಲಿಸರಾಲ್ ಇರುವ ಸಾಮಾನ್ಯ ಪೋಷಕ ಮಾಧ್ಯಮದಲ್ಲಿ ಮೈಕೊಬ್ಯಾಕ್ಟೀರಿಯಂ ಬೋವಿಸ್ ಸರಿಯಾಗಿ ಬೆಳೆಯದ ಕಾರಣ ಪೈರುವೇಟ್ ಹಾಕಿದ ಮಾಧ್ಯಮ ಬೇಕು, ಅಲ್ಲಿಯೂ ವಾರಗಟ್ಟಲೆ ಕಾಯಬೇಕು. ಬ್ರುಸೆಲ್ಲಾದ ರಕ್ತಪರೀಕ್ಷೆಯಲ್ಲಿ 'ಇದೆ' ಎಂದು ಬಂದರೂ ತಕ್ಷಣ ನಂಬಬೇಡಿ. ಯೆರ್ಸಿನಿಯಾ ಎಂಟೆರೊಕೊಲಿಟಿಕಾ ಎಂಬ ಬೇರೊಂದು ಬ್ಯಾಕ್ಟೀರಿಯಾದ ಓ:9 ಬಗೆ ತಗುಲಿದ ಹಂದಿಯ ರಕ್ತವೂ ಅದೇ ಉತ್ತರ ಕೊಡುತ್ತದೆ.

ಹಂತ 7: ಉಳಿದದ್ದನ್ನು ತೆಗೆಯುವುದು. ಕರುಳು, ಒಳಾಂಗಗಳನ್ನು ಪೊದೆಯ ಹಿಂದೆ ಎಸೆದು ಬಂದರೆ ಆ ರಾತ್ರಿಯೇ ಇನ್ನೊಂದು ಕಾಡುಹಂದಿ ಬಂದು ತಿನ್ನುತ್ತದೆ. ಮುಚ್ಚಿದ ಪಾತ್ರೆಯಲ್ಲಿ ತಂದು ನಿಯಮದಂತೆ ವಿಲೇವಾರಿ ಮಾಡಿ. ಕೆಲಸದ ನಡುವೆ ಕೈ ಕೊಯ್ದುಕೊಂಡಿದ್ದರೂ ಇಲ್ಲದಿದ್ದರೂ, ಕೆಲವು ವಾರಗಳ ಮೇಲೆ, ತಿಂಗಳುಗಳ ಮೇಲಾದರೂ ಸರಿ, ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲುನೋವು ಕಾಣಿಸಿಕೊಂಡರೆ ಕಾಡುಹಂದಿಯನ್ನು ಕೊಯ್ದ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ಏಕೆಂದರೆ ಅವರಾಗಿ ಕೇಳುವುದು ಅಪರೂಪ.