ಎಂಎಂಪಿಐ ರಿಪೋರ್ಟ್ ಕೈಗೆ ಬಂದ್ರೆ ಮೊದ್ಲು ಯಾವ ನಂಬರ್ ನೋಡ್ಬೇಕು

ಮೊನ್ನೆ ಗೋಣಿಕೊಪ್ಪದಿಂದ ಒಬ್ರು ಮಗನ ಎಂಎಂಪಿಐ (ಸ್ವಭಾವ, ಮನಸ್ಸಿನ ತೊಂದರೆ ತಿಳ್ಕೊಳ್ಳೋಕೆ ಮಾಡೋ ಪ್ರಶ್ನಾವಳಿ ಟೆಸ್ಟ್) ರಿಪೋರ್ಟ್ ಫೋಟೋ ವಾಟ್ಸಾಪಲ್ಲಿ ಕಳ್ಸಿ "ಮೇಡಂ, ಸ್ಕಿಜೋಫ್ರೇನಿಯಾ 68 ಅಂತ ಇದೆ, ಅಂದ್ರೆ 68 ಪರ್ಸೆಂಟ್ ತಲೆ ಕೆಟ್ಟಿದ್ಯಾ" ಅಂತ ಕೇಳಿದ್ರು. ಇಂಥ ಫೋನು ತಿಂಗಳಿಗೆ ಒಂದೆರಡು ಬರುತ್ತೆ, ಅದಕ್ಕೆ ಒಂದ್ಸಲ ಬರೆದೇ ಬಿಡೋಣ ಅಂತ. ಇದನ್ನ ಓದಿ ನೀವೇ ಡಯಾಗ್ನೋಸಿಸ್ ಮಾಡ್ಕೋಬೇಡಿ, ಟೆಸ್ಟ್ ಮಾಡಿದವರ ಹತ್ರ ಹೋದಾಗ ಏನು ಕೇಳ್ಬೇಕು ಅನ್ನೋದು ಗೊತ್ತಾದ್ರೆ ಸಾಕು.

ಈಗ ಜಾಸ್ತಿ ಕೈಗೆ ಸಿಗೋದು ಎಂಎಂಪಿಐ-2, 1989ರದ್ದು, 567 ಹೇಳಿಕೆ, ಪ್ರತಿಯೊಂದಕ್ಕೂ ಸರಿ ಇಲ್ಲಾ ತಪ್ಪು. ಮೂಲ ಟೆಸ್ಟ್ ಮಾಡಿದ್ದು ಅಮೆರಿಕದ ಮಿನ್ನೆಸೋಟ ಯೂನಿವರ್ಸಿಟಿಯ ಹ್ಯಾಥ್‌ವೇ ಮತ್ತೆ ಮ್ಯಾಕಿನ್ಲಿ, 1940ರ ದಶಕದಲ್ಲಿ.

ರಿಪೋರ್ಟಲ್ಲಿರೋ ನಂಬರು ಪರ್ಸೆಂಟ್ ಅಲ್ಲ, ಟಿ ಸ್ಕೋರ್. ನಮ್ಮ ಕೊಡಗಿನ ಕಡೆಯವರಿಗೆ ಮಳೆ ಲೆಕ್ಕದಲ್ಲಿ ಹೇಳಿದ್ರೆ ಬೇಗ ಹೊಳಿಯುತ್ತೆ. ವರ್ಷಕ್ಕೆ 100 ಇಂಚು ಮಳೆ ಅಂದ್ರೆ ಜಾಸ್ತಿನಾ ಕಮ್ಮಿನಾ? ಕುಶಾಲನಗರದವರು ಅಯ್ಯೋ ಅಂತಾರೆ, ಭಾಗಮಂಡಲದವರು ಈ ವರ್ಷ ಮಳೆನೇ ಇಲ್ಲ ಅಂತಾರೆ. ಅಂದ್ರೆ ಯಾವ ಊರಿನ ಸರಾಸರಿಗೆ ಹೋಲಿಸ್ತೀವಿ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ. ಟಿ ಸ್ಕೋರಲ್ಲಿ ಆ ಸರಾಸರಿನ 50ಕ್ಕೆ ಕೂರಿಸಿರ್ತಾರೆ, ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ (ಜನರ ಸ್ಕೋರು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತೆ ಅನ್ನೋ ಅಳತೆ) 10. ಗಮನ ಕೊಡೋ ಗೆರೆ 65, ಹಳೇ ಎಂಎಂಪಿಐಲಿ 70 ಇತ್ತು. ಸರಾಸರಿ ತೆಗೆದ ಗುಂಪಲ್ಲಿ ನೂರಕ್ಕೆ ಸುಮಾರು 92 ಜನ 65ರ ಕೆಳಗೇ ಬರ್ತಾರೆ. ಆದ್ರೆ ಆ ಗುಂಪು ಅಮೆರಿಕದ 2,600 ಜನ, ಸೋಮವಾರಪೇಟೆಯವರು ಅಲ್ಲ, ಇದನ್ನ ಕೊನೇವರೆಗೂ ತಲೇಲಿಟ್ಕೊಳ್ಳಿ. 64ಕ್ಕೂ 66ಕ್ಕೂ ಹೇಳ್ಕೊಳ್ಳೋ ವ್ಯತ್ಯಾಸ ಏನಿಲ್ಲ.

ಈಗ ಮುಖ್ಯ ವಿಷ್ಯ. ಎಲ್ರೂ ಸೀದಾ ಡಿಪ್ರೆಶನ್ ಎಷ್ಟು ಸ್ಕಿಜೋಫ್ರೇನಿಯಾ ಎಷ್ಟು ಅಂತ ಹುಡುಕ್ತಾರೆ, ಅದು ಕಣದಲ್ಲಿರೋ ಕಾಫಿಗೆ ಮಾಯಿಶ್ಚರ್ ನೋಡ್ದೆ ರೇಟ್ ಹೇಳಿದ ಹಾಗೆ. ಮೊದ್ಲು ನೋಡ್ಬೇಕಾಗಿರೋದು ವ್ಯಾಲಿಡಿಟಿ ಸ್ಕೇಲು, ಅಂದ್ರೆ ಉತ್ತರಾನ ನಂಬ್ಬೋದಾ ಅನ್ನೋದು. ಉತ್ತರ ಬಿಟ್ಟಿರೋದು 30 ಅಥವಾ ಜಾಸ್ತಿ ಇದ್ರೆ ರಿಪೋರ್ಟ್ ಓದ್ಬೇಡಿ. ವಿಆರ್‌ಐಎನ್ ಅನ್ನೋದು 80 ಮುಟ್ಟಿದ್ರೂ ಓದ್ಬೇಡಿ, ಅಂದ್ರೆ ಒಂದೇ ಥರದ ಹೇಳಿಕೆಗಳಿಗೆ ತದ್ವಿರುದ್ಧ ಉತ್ತರ ಬಿದ್ದಿದೆ ಅಂತ. ಇದು ನಮ್ಮಲ್ಲಿ ಬರೀ ಉದಾಸೀನದಿಂದ ಆಗಲ್ಲ, ಭಾಷೆಯಿಂದಾನೂ ಆಗುತ್ತೆ. ನಾನೇ ಕಟ್ಟಿದ ಉದಾಹರಣೆ (ಟೆಸ್ಟಿನ ಹೇಳಿಕೆ ಬರಿಯೋ ಹಾಗಿಲ್ಲ): "ನಂಗೆ ಮಳೆ ಇಷ್ಟ ಇಲ್ಲ". ಒಪ್ಪೋರು ಏನಂತಾರೆ? "ಇಲ್ಲ, ಇಷ್ಟ ಇಲ್ಲ" ಅಂತಾರೆ, ಬಾಯಲ್ಲಿ ಇಲ್ಲ ಬಂತಲ್ಲ ಅಂತ ಕೈ ತಪ್ಪು ಅನ್ನೋ ಕಡೆ ಟಿಕ್ ಹಾಕುತ್ತೆ, ಆದ್ರೆ ಹಾಕ್ಬೇಕಾಗಿದ್ದು ಸರಿ ಅಂತ. ಮನೇಲಿ ಕೊಡವ ತಕ್ಕ್, ಸ್ಕೂಲಲ್ಲಿ ಕನ್ನಡ, ಟೆಸ್ಟ್ ಇಂಗ್ಲಿಷಲ್ಲಿ ಅಂದ್ಮೇಲೆ ಕೇಳೋದೇ ಬೇಡ.

ಆಮೇಲೆ ಎಲ್, ಎಫ್, ಕೆ. ಎಲ್ ಜಾಸ್ತಿ ಅಂದ್ರೆ ನಾನು ತೀರಾ ಒಳ್ಳೆಯವನು ಅಂತ ತೋರಿಸ್ಕೊಂಡಿದ್ದಾರೆ, ಹಳೇ ಕಾಲದ ಶಿಸ್ತಲ್ಲಿ ಬೆಳೆದವರಲ್ಲಿ ಸ್ವಲ್ಪ ಮೇಲೆ ಇರೋದು ಮಾಮೂಲಿ. ಎಫ್ ಅಂದ್ರೆ ಹೆಚ್ಚಿನ ಜನ ಕೊಡದೇ ಇರೋ ಅಪರೂಪದ ಉತ್ತರ ಎಷ್ಟಿದೆ ಅನ್ನೋದು, ಅದು ಜಾಸ್ತಿ ಇದ್ರೆ ಕಣ್ಮುಚ್ಚಿ ಟಿಕ್ ಹಾಕಿರ್ಬೋದು, ಕಷ್ಟಾನ ದೊಡ್ಡದು ಮಾಡಿ ಹೇಳಿರ್ಬೋದು, ಇಲ್ಲಾ ನಿಜವಾಗ್ಲೂ ತುಂಬಾ ಕಷ್ಟದಲ್ಲಿರ್ಬೋದು. ವಿಆರ್‌ಐಎನ್ ಚೆನ್ನಾಗಿದ್ರೆ ಮೊದಲನೇದನ್ನ ಬಿಟ್ಬಿಡಿ. ಕೊನೇ ಬಸ್ಸಿನ ಅವಸರದಲ್ಲಿ ಕೊನೇ ಇನ್ನೂರು ಹೇಳಿಕೆಗೆ ಬೇಕಾಬಿಟ್ಟಿ ಟಿಕ್ ಹಾಕಿದವರನ್ನೂ ನೋಡಿದೀನಿ, ಆಗ ಎಫ್ ಸರಿ ಇದ್ದು ಎಫ್‌ಬಿ (ಟೆಸ್ಟಿನ ಹಿಂದಿನ ಭಾಗಕ್ಕೆ ಇರೋ ಎಫ್) ಮಾತ್ರ ಮೇಲೆ ಹೋಗಿರುತ್ತೆ. ಮುಖ್ಯ ಸ್ಕೇಲುಗಳ ಹೇಳಿಕೆ ಎಲ್ಲಾ ಮೊದಲ 370ರಲ್ಲೇ ಮುಗಿಯೋದ್ರಿಂದ ಅಷ್ಟನ್ನ ಓದ್ಬೋದು.

ಕೆ ಅನ್ನೋದು ಮನಸ್ಸಲ್ಲಿರೋದನ್ನ ಬಿಟ್ಕೊಡದೇ ಇರೋದು. ಇದಕ್ಕೆ ಇನ್ನೊಂದು ಕೆಲಸ ಇದೆ, ಮುಚ್ಚಿಟ್ಟಿರೋದನ್ನ ಸರಿದೂಗಿಸೋಕೆ ಅಂತ ಇದರ ರಾ ಸ್ಕೋರನ್ನ (ಟಿ ಸ್ಕೋರ್ ಮಾಡೋಕೆ ಮುಂಚಿನ ಎಣಿಕೆ) ತೊಂದರೆ ಅಳೆಯೋ ಕ್ಲಿನಿಕಲ್ ಸ್ಕೇಲುಗಳಲ್ಲಿ ಐದಕ್ಕೆ ಸೇರಿಸ್ತಾರೆ, ಆ ಸ್ಕೇಲುಗಳಿಗೆ 1ರಿಂದ 9, ಆಮೇಲೆ 0 ಅಂತ ನಂಬರ್ ಇದೆ, 1ನೇದಕ್ಕೆ ಅರ್ಧ, 4ಕ್ಕೆ 0.4, 9ಕ್ಕೆ 0.2, 7 ಮತ್ತೆ 8ಕ್ಕೆ ಪೂರ್ತಿ. 8 ಅಂದ್ರೆ ಅದೇ ಸ್ಕಿಜೋಫ್ರೇನಿಯಾ ಸ್ಕೇಲು.

ಇಷ್ಟಾದ್ಮೇಲೆ ಕ್ಲಿನಿಕಲ್ ಸ್ಕೇಲು. ಅವುಗಳ ಹೆಸರು ಹಳೇ ಕಾಲದ ಬೋರ್ಡು, ಒಳಗೆ ಅಂಗಡಿ ಬದಲಾಗಿದೆ, ಅದಕ್ಕೇ ನಾವು ನಂಬರಲ್ಲೇ ಕರಿಯೋದು. 5ನೇದು (ಗಂಡು-ಹೆಣ್ಣಿನ ಥರದ ಆಸಕ್ತಿಗಳ ಬಗ್ಗೆ) ಕಾಯಿಲೆನೇ ಅಲ್ಲ, 0 ಅಂದ್ರೆ ಜನರ ಜೊತೆ ಎಷ್ಟು ಬೆರೀತಾರೆ ಅನ್ನೋದು. ಉಳಿದಿದ್ರಲ್ಲಿ ಅತೀ ಎತ್ತರದ ಎರಡನ್ನ ಜೋಡಿಯಾಗಿ ಓದ್ತೀವಿ, ಮೂರನೇದಕ್ಕಿಂತ 5 ಪಾಯಿಂಟ್ ಆದ್ರೂ ಮೇಲಿದ್ರೆ ಜೋಡಿ ಗಟ್ಟಿ. 2-7 ಅಂದ್ರೆ ಬೇಜಾರು ಮತ್ತೆ ಚಿಂತೆ ಒಟ್ಟಿಗೆ. 1 (ಮೈ ಆರೋಗ್ಯದ ಚಿಂತೆ) ಮತ್ತೆ 3 (ಹಿಸ್ಟೀರಿಯಾ) ಮೇಲೆ, ನಡುವೆ 2 (ಡಿಪ್ರೆಶನ್) ಕೆಳಗೆ ಇದ್ರೆ ಗ್ರಾಫಲ್ಲಿ ವಿ ಆಕಾರ ಕಾಣುತ್ತೆ, ಎದೆ ಹಿಡಿಯುತ್ತೆ ಕೈ ಜೋಮು ಅಂತಾರೆ, ಇಸಿಜಿ ನಾರ್ಮಲ್, ಮನಸ್ಸಿಗೆ ಏನೂ ಇಲ್ಲ ಡಾಕ್ಟ್ರೇ ಅಂತ ನಗ್ತಾರೆ, ಅಂಥವರಲ್ಲಿ ಜಾಸ್ತಿ ನೋಡಿದೀನಿ.

ಸ್ಕೇಲಿನ ಒಳಭಾಗ (ಸಬ್‌ಸ್ಕೇಲು, ಅಂದ್ರೆ ಯಾವ ಥರದ ಹೇಳಿಕೆಗಳಿಂದ ಸ್ಕೋರ್ ಏರಿದೆ ಅನ್ನೋದು) ನೋಡೋದು ಮರೀಬೇಡಿ. ಶುರುವಲ್ಲಿ ನಾನೊಂದು ತಪ್ಪು ಮಾಡಿದ್ದೆ. ಸಿದ್ದಾಪುರ ಕಡೆಯ ಕಾಫಿ ತೋಟದ ರೈಟರ್ (ಲೆಕ್ಕ ಬರಿಯೋರು) ಒಬ್ರಿಗೆ 6ನೇದು, ಪ್ಯಾರನೋಯಾ, 70 ಬಂತು, ನಾನು ಅನುಮಾನದ ಸ್ವಭಾವ ಅಂತ ಬರೆದು ಕೊಟ್ಟೆ. ಅವರ ಹೆಂಡತಿ ಬಂದು ನಿಧಾನಕ್ಕೆ ಹೇಳಿದ್ರು, ಬೇಲಿ ವಿಚಾರಕ್ಕೆ ಪಕ್ಕದವರು ನಿಜವಾಗ್ಲೂ ಕೇಸ್ ಹಾಕಿದ್ದಾರೆ, ರಾತ್ರಿ ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಹತ್ರ ನಿಜವಾಗ್ಲೂ ಆನೆ ಬರುತ್ತೆ ಅಂತ. ಯಾರೋ ಹಿಂದೆ ಬಿದ್ದಿದ್ದಾರೆ ಅನ್ನೋದು ಆ ಮನೇಲಿ ಕೋರ್ಟಿನ ನೋಟೀಸು, ಭ್ರಮೆ ಅಲ್ಲ. 4ನೇದೂ ಹಂಗೇ, ಸೈಕೋಪ್ಯಾಥಿಕ್ ಅನ್ನೋ ಭಯಂಕರ ಹೆಸರು, ಆದ್ರೆ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ಪಾಲಿನ ಜಗಳ ನಡೀತಿದ್ರೆ ಕುಟುಂಬ ಕಲಹದ ಭಾಗ ಒಂದೇ ಸಾಕು ಅದನ್ನ ಮೇಲೆ ಎತ್ತೋಕೆ.

ಸಾಯೋ ಯೋಚನೆ ಬಗ್ಗೆ ಇರೋ ಹೇಳಿಕೆಗಳಿಗೆ ಹೌದು ಅಂದಿದ್ರೆ ಮಾತ್ರ ಟಿ ಸ್ಕೋರ್ ಎಷ್ಟೇ ಕಮ್ಮಿ ಇರ್ಲಿ ಅವತ್ತೇ ಎದುರಿಗೆ ಕೂತು ಬಾಯಿಬಿಟ್ಟು ಕೇಳ್ಬೇಕು, ಯಾರೂ ಸಿಗ್ಲಿಲ್ಲ ಅಂದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ಬೋದು.

ಆ ಗೋಣಿಕೊಪ್ಪದವರ ಫೋಟೋ ನೋಡಿದ್ರೆ ಗ್ರಾಫಿನ ಎಡಗಡೆ, ಎಲ್ ಎಫ್ ಕೆ ಇರೋ ಜಾಗ, ಅವರದ್ದೇ ಹೆಬ್ಬೆರಳ ಹಿಂದೆ ಇತ್ತು. ಬೆರಳು ತೆಗೆದು ಇನ್ನೊಂದು ಕಳ್ಸಿ ಅಂದೆ. ಕೆ 66 ಇತ್ತು, ಅಂದ್ರೆ ಆ 68ರಲ್ಲಿ ಒಂದು ಪಾಲು ಕೆ ಸೇರಿಸಿದ್ರಿಂದ ಬಂದಿದ್ದು. ಎಂಟನೇದ್ರ ಒಳಭಾಗದಲ್ಲಿ ಚಿತ್ರವಿಚಿತ್ರ ಕೇಳ್ಸೋದು ಕಾಣ್ಸೋದರ ಸ್ಕೋರ್ ಮಾಮೂಲಿ, ಜನರಿಂದ ದೂರ ಇದೀನಿ ಅನ್ನೋದು ಮಾತ್ರ 65. ಹುಡುಗ ಬೆಂಗಳೂರಲ್ಲಿ ಏನ್ ಕೆಲಸ ಅಂತ ಕೇಳಿದೆ, ಎರಡು ವರ್ಷದಿಂದ ನೈಟ್ ಶಿಫ್ಟು, ಪಿಜಿ ರೂಮಲ್ಲಿ ಒಬ್ನೇ ಅಂದ್ರು. ಸೋಮವಾರ ಅವನನ್ನೇ ಕರ್ಕೊಂಡು ಬನ್ನಿ ಅಂದಿದೀನಿ.